ಜಜ್ಜಿಹೋದ ಕಾಲನ್ನು ಉಳಿಸುವುದು: ರಸ್ತೆಯಿಂದ ರಿಂಗ್ ಬಿಚ್ಚುವ ದಿನದವರೆಗೆ

ಲಾರಿ ಚಕ್ರ ಹರಿದ ಕಾಲು, ಬೈಕಿಗೂ ಡಿವೈಡರಿಗೂ ನಡುವೆ ಸಿಕ್ಕಿದ ಕಾಲು, ಗದ್ದೆಯಲ್ಲಿ ರೋಟವೇಟರಿಗೆ ಸಿಕ್ಕ ಕಾಲು. ಇವನ್ನು ಕಂಡವರೆಲ್ಲ ಮೊದಲು ಕೇಳುವುದು ‘ಮೂಳೆ ಎಷ್ಟು ಚೂರಾಗಿದೆ?’ ಎಂದು. ಕೇಳಬೇಕಾದದ್ದು ಬೇರೆ ಮೂರು: ಪಾದಕ್ಕೆ ರಕ್ತ ಇಳಿಯುತ್ತಿದೆಯೇ, ಮಾಂಸ ಎಷ್ಟು ಸತ್ತಿದೆ, ಮೂಳೆಯ ಮೇಲೆ ಮುಚ್ಚಲು ಚರ್ಮ ಇದೆಯೇ. ಮೂಳೆ ಹತ್ತು ಚೂರಾಗಿದ್ದರೂ ಒಂದು ವರ್ಷ ಹಿಡಿದು ಕಟ್ಟಬಹುದು. ರಕ್ತ ನಿಂತ ಮಾಂಸಕ್ಕೆ ಸಿಗುವುದು ಸುಮಾರು ಆರು ಗಂಟೆ ಮಾತ್ರ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಕಣಕಾಲಿನ ಗಾಯದ ಬಗ್ಗೆ. ಮೊಣಕಾಲಿನ ಕೆಳಗೆ ಮುಂದುಗಡೆ ಬೆರಳಿಟ್ಟು ನೋಡಿ, ಮೂಳೆ ಚರ್ಮದ ಅಡಿಯಲ್ಲೇ ಸಿಗುತ್ತದೆ, ನಡುವೆ ಮಾಂಸವೇ ಇಲ್ಲ. ಹಾಗಾಗಿಯೇ ದೇಹದ ಉದ್ದನೆಯ ಮೂಳೆಗಳಲ್ಲಿ ಮುರಿದು ಹೊರಗೆ ಬರುವುದು ಹೆಚ್ಚಾಗಿ ಇದೇ, ಕೀವು ಹಿಡಿಯುವುದೂ ಇದಕ್ಕೇ. ಗುಸ್ಟಿಲೊ ಎಂಬ ಸರ್ಜನ್ ಮಾಡಿದ ವಿಂಗಡಣೆಯಲ್ಲಿ ‘3-ಬಿ’ ಎಂದರೆ ಚರ್ಮ, ಮಾಂಸ ಕಿತ್ತುಹೋಗಿ ಬೇರೆ ಕಡೆಯಿಂದ ತಂದು ಮುಚ್ಚಲೇಬೇಕಾದ ಗಾಯ. ‘3-ಸಿ’ ಎಂದರೆ ರಕ್ತನಾಳವೂ ಹರಿದು ಜೋಡಿಸಬೇಕಾದ ಗಾಯ. ಡಿಸ್ಚಾರ್ಜ್ ಚೀಟಿಯಲ್ಲಿ ಈ ಅಕ್ಷರ ಕಂಡರೆ ಮುಂದಿನ ದಾರಿ ಉದ್ದ ಇದೆ ಎಂದು ತಿಳಿಯಿರಿ.

ರಸ್ತೆಯಲ್ಲಿ

108ಕ್ಕೆ ಕರೆ ಮಾಡಿ, ಆಮೇಲೆ ರಕ್ತ ನಿಲ್ಲಿಸಿ. ಸ್ವಚ್ಛ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಹತ್ತು ನಿಮಿಷ ಬಿಡದೆ ಒತ್ತಬೇಕು. ‘ನಿಂತಿತಾ ನೋಡೋಣ’ ಎಂದು ಎರಡೆರಡು ನಿಮಿಷಕ್ಕೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದೂ ಕಿತ್ತುಬರುತ್ತದೆ. ಒತ್ತಿದರೂ ರಕ್ತ ಚಿಮ್ಮುತ್ತಿದ್ದರೆ ಬಿಗಿಕಟ್ಟು ಹಾಕಿ. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲನ್ನು ಬಿಟ್ಟು, ಮೂರು ಬೆರಳಗಲದ ಬಟ್ಟೆ ಸುತ್ತಿ ಗಂಟು ಹಾಕಿ, ಗಂಟಿನ ಮೇಲೆ ಕೋಲು ಇಟ್ಟು ಇನ್ನೊಂದು ಗಂಟು ಹಾಕಿ, ರಕ್ತ ನಿಲ್ಲುವವರೆಗೆ ಕೋಲು ತಿರುವಿ. ದುಪಟ್ಟಾ ಆಗುತ್ತದೆ, ಟವೆಲ್ ಆಗುತ್ತದೆ. ಸುತಳಿ, ತಂತಿ ಬೇಡ, ಅವು ಮಾಂಸವನ್ನು ಕೊಯ್ಯುತ್ತವೆ. ಕಟ್ಟಿದ ಸಮಯವನ್ನು ಗಾಯಾಳುವಿನ ಹಣೆಯ ಮೇಲೋ ಕೈ ಮೇಲೋ ಪೆನ್ನಿನಲ್ಲಿ ಬರೆಯಿರಿ. ಅರೆಬರೆ ಬಿಗಿದ ಕಟ್ಟು ಕಟ್ಟದಿರುವುದಕ್ಕಿಂತ ಕೆಟ್ಟದ್ದು: ಒಳಗೆ ಹೋಗುವ ರಕ್ತ ನಿಲ್ಲುವುದಿಲ್ಲ, ವಾಪಸು ಬರುವ ರಕ್ತ ಮಾತ್ರ ನಿಲ್ಲುತ್ತದೆ, ಗಾಯದಿಂದ ಸುರಿಯುವುದು ಇನ್ನೂ ಹೆಚ್ಚುತ್ತದೆ. ಒಮ್ಮೆ ಬಿಗಿದ ಮೇಲೆ ಆಸ್ಪತ್ರೆಯವರೇ ಬಿಚ್ಚಲಿ.

ಕಾಲುಂಗುರ, ಕಾಲುಚೈನು, ಶೂ ಬೇಗ ತೆಗೆಯಿರಿ ಅಥವಾ ಕತ್ತರಿಸಿ. ಅರ್ಧ ಗಂಟೆಯಲ್ಲಿ ಊದಿಕೊಂಡು ಅವೇ ಉರುಳಾಗುತ್ತವೆ. ಹೊರಗೆ ಚಾಚಿದ ಮೂಳೆಯನ್ನು ಒಳಗೆ ತಳ್ಳಬೇಡಿ. ಅರಿಶಿನ, ಕಾಫಿಪುಡಿ, ಸುಣ್ಣ ಹಾಕಬೇಡಿ, ಆಮೇಲೆ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಅದನ್ನು ಕೆರೆದು ತೆಗೆಯಲು ಜೀವಂತ ಮಾಂಸವನ್ನೂ ಕೆರೆಯಬೇಕಾಗುತ್ತದೆ. ರಟ್ಟು, ಬಿದಿರಿನ ದಬ್ಬೆ, ಮಡಿಸಿದ ದಿನಪತ್ರಿಕೆ ಯಾವುದಾದರೂ ಸರಿ, ತೊಡೆಯಿಂದ ಪಾದದವರೆಗೆ ಇಟ್ಟು ಕಟ್ಟಿ. ಏನೂ ಇಲ್ಲದಿದ್ದರೆ ಇನ್ನೊಂದು ಕಾಲಿಗೇ ಸೇರಿಸಿ ಕಟ್ಟಿ. ನೀರು, ಸೋಡಾ, ಕಾಫಿ ಕುಡಿಸಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವಾಗ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯ.

ಪೂರ್ತಿ ತುಂಡಾದ ಭಾಗವಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನ ಇನ್ನೊಂದು ಚೀಲದಲ್ಲಿಡಿ. ಐಸ್ ನೇರವಾಗಿ ತಾಗಿದರೆ ಮಾಂಸ ಹೆಪ್ಪುಗಟ್ಟಿ ಸಾಯುತ್ತದೆ. ಮರುಜೋಡಣೆಗೆ ಬಾರದಿದ್ದರೂ ಅದರ ಚರ್ಮ ಗಾಯ ಮುಚ್ಚಲು ಒದಗಬಹುದು, ಬಿಟ್ಟು ಬರಬೇಡಿ.

ಪೊಲೀಸ್ ಬರಲಿ ಎಂದು ಕಾಯುವ ಅಗತ್ಯ ಇಲ್ಲ. ಕರ್ನಾಟಕದಲ್ಲಿ ಸಹಾಯಕ್ಕೆ ಬಂದವರ ರಕ್ಷಣೆಗೆ ಪ್ರತ್ಯೇಕ ಕಾಯ್ದೆಯೇ ಇದೆ, ಮೋಟಾರು ವಾಹನ ಕಾಯ್ದೆಗೂ 2019ರಲ್ಲಿ 134-ಎ ಸೆಕ್ಷನ್ ಸೇರಿದೆ. ದುಡ್ಡಿನ ವಿಚಾರಕ್ಕೆ, ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆಯ ಕೇಂದ್ರ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ. ಅಡ್ಮಿಟ್ ಮಾಡುವಾಗಲೇ ಕೇಳಿ.

ತಾಲ್ಲೂಕು ಆಸ್ಪತ್ರೆಯ ಮೊದಲ ಗಂಟೆ

ಇಲ್ಲಿ ಕಾಲನ್ನು ‘ರಿಪೇರಿ’ ಮಾಡಲು ಹೋಗುವುದೇ ದೊಡ್ಡ ತಪ್ಪು. ಜೀವ ಮೊದಲು: ಉಸಿರು, ರಕ್ತದೊತ್ತಡ, ಹೊಟ್ಟೆ, ಎದೆ, ತಲೆ. ಕಾಲಿನ ಗಾಯ ಕಣ್ಣಿಗೆ ರಾಚುವಷ್ಟು ಭೀಕರವಾಗಿರುವುದರಿಂದಲೇ ಹೊಟ್ಟೆಯೊಳಗೆ ಒಡೆದ ಗುಲ್ಮ (ಸ್ಪ್ಲೀನ್) ಎಲ್ಲರ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಆಮೇಲೆ ಮಾಡಬೇಕಾದದ್ದು ಕೆಲವೇ ಕೆಲಸ, ಆದರೆ ಎಲ್ಲವನ್ನೂ ಒಂದು ಗಂಟೆಯೊಳಗೆ. ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ವಯಸ್ಕರಿಗೆ ಸಾಮಾನ್ಯವಾಗಿ ಸೆಫಜೋಲಿನ್ 2 ಗ್ರಾಂ. ಗಾಯ ದೊಡ್ಡದಿದ್ದು ಮೂತ್ರಪಿಂಡ ಸರಿಯಿದ್ದರೆ ಜೊತೆಗೆ ಜೆಂಟಾಮೈಸಿನ್. ಗೊಬ್ಬರ, ಚರಂಡಿ ನೀರು, ಗದ್ದೆಯ ಕೆಸರು ಸೇರಿದ್ದರೆ ಪೆನಿಸಿಲಿನ್ ಕೂಡ. ಅಲರ್ಜಿ ಇದೆಯೇ ಎಂದು ಕೇಳಿಯೇ ಕೊಡಬೇಕು. ಧನುರ್ವಾಯು ಲಸಿಕೆ ಅರ್ಧ ಎಂ.ಎಲ್., ಹಿಂದೆ ಲಸಿಕೆ ಆಗಿದೆಯೋ ಗೊತ್ತಿಲ್ಲದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) 250 ಯೂನಿಟ್ ದೇಹದ ಬೇರೆ ಕಡೆಗೆ. ಗಾಯದ ಫೋಟೊ ತೆಗೆದು ಮುಂದಿನ ಆಸ್ಪತ್ರೆಗೆ ಕಳಿಸಿದರೆ ದಾರಿಯುದ್ದಕ್ಕೂ ಎಲ್ಲರೂ ಕಟ್ಟು ಬಿಚ್ಚಿ ನೋಡುವುದು ತಪ್ಪುತ್ತದೆ. ಕಣ್ಣಿಗೆ ಕಾಣುವ ಕಲ್ಲು, ಎಲೆ, ಬಟ್ಟೆ ಚೂರನ್ನು ಎತ್ತಿ, ಸಲೈನ್‌ನಲ್ಲಿ ನೆನೆಸಿದ ಗಾಜ್ ಹಾಕಿ, ಮೇಲೆ ಗಾಳಿಯಾಡದ ಹಾಳೆ ಮುಚ್ಚಿ. ಡೊಂಕಾದ ಕಾಲನ್ನು ನೋವು ತಡೆಯುವ ಔಷಧ ಕೊಟ್ಟು ನೇರಕ್ಕೆ ಎಳೆದು ಸ್ಪ್ಲಿಂಟ್ ಹಾಕಿ, ಎಳೆಯುವ ಮೊದಲೂ ಎಳೆದ ಮೇಲೂ ಪಾದದ ನಾಡಿ ನೋಡಿ ಬರೆಯಿರಿ.

ಗಾಯವನ್ನು ಬಿಗಿಯಾಗಿ ಹೊಲಿದು ಕಳಿಸಬೇಡಿ. ನೋಡಲು ಚೆನ್ನಾಗಿ ಕಾಣುತ್ತದೆ, ಮನೆಯವರಿಗೂ ಸಮಾಧಾನವಾಗುತ್ತದೆ. ಒಳಗೆ ಮಾತ್ರ ಮಣ್ಣು, ಸತ್ತ ಮಾಂಸ, ಗಾಳಿಯಿಲ್ಲದ ಜಾಗ; ಗ್ಯಾಸ್ ಗ್ಯಾಂಗ್ರೀನ್ ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ಗೂಡು ಬೇರೆ ಇಲ್ಲ. ಇದೇ ಕಾರಣಕ್ಕೆ ಬಾಯಿಬಿಟ್ಟ ಗಾಯದ ಮೇಲೆ ನಾಟಿ ಕಟ್ಟು ಹಾಕಿಸುವುದು ಕಾಲನ್ನೇ ಒತ್ತೆಯಿಟ್ಟಂತೆ. ಮುಚ್ಚಿದ ಸಣ್ಣ ಮುರಿತ ಕೂಡಿದ್ದನ್ನು ಕಂಡವರು ಈ ಗಾಯಕ್ಕೂ ಅದೇ ನಂಬಿಕೆಯಿಂದ ಹೋಗುತ್ತಾರೆ.

ಕಳಿಸುವುದು ಎಲ್ಲಿಗೆ? ಮೂಳೆ ಡಾಕ್ಟರೂ ಪ್ಲಾಸ್ಟಿಕ್ ಸರ್ಜನ್ನೂ ಒಂದೇ ಕಡೆ ಇರುವ ಜಾಗಕ್ಕೆ. ಮೊದಲು ಒಬ್ಬರು ರಾಡು ಹಾಕಿ, ಹದಿನೈದು ದಿನದ ಮೇಲೆ ಚರ್ಮ ಕಪ್ಪಾದಾಗ ಇನ್ನೊಬ್ಬರನ್ನು ಹುಡುಕುವುದು ಕಾಲು ಕಳೆಯುವ ಮಾಮೂಲಿ ದಾರಿ. ಹತ್ತಿರದ ಆಸ್ಪತ್ರೆ ಬಿಟ್ಟು ದೂರ ಹೋಗುವುದಾದರೂ ಮುಂಚೆಯೇ ಫೋನ್ ಮಾಡಿ ಇಬ್ಬರೂ ಇದ್ದಾರೆಂದು ಖಾತ್ರಿ ಮಾಡಿಕೊಳ್ಳಿ.

ಪಾದ ತಣ್ಣಗಿದ್ದರೆ, ಮೀನಖಂಡ ಕಲ್ಲಾಗಿದ್ದರೆ

ಪಾದ ಬಿಳಿಚಿ ತಣ್ಣಗಿದ್ದು, ಕಾಲು ನೇರ ಮಾಡಿದ ಮೇಲೂ ನಾಡಿ ಸಿಗದಿದ್ದರೆ ಗಡಿಯಾರ ಆಗಲೇ ಓಡುತ್ತಿದೆ. ಹರಡಿನ ಹತ್ತಿರದ ರಕ್ತದೊತ್ತಡವನ್ನು ತೋಳಿನದಕ್ಕೆ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂದರೂ ರಕ್ತನಾಳದ ಗಾಯ ಎಂದೇ ಶಂಕಿಸಿ ಸಿಟಿ ಆ್ಯಂಜಿಯೊ (ರಕ್ತನಾಳ ತೋರಿಸುವ ಸ್ಕ್ಯಾನ್) ಮಾಡಿಸಬೇಕು. ನಾಳ ತುಂಡಾಗಿರುವುದು ಸ್ಪಷ್ಟವಿದ್ದರೆ ಸ್ಕ್ಯಾನಿಗೂ ಕಾಯದೆ ಓಟಿಗೆ. ಅಲ್ಲಿ ಜಾಣ ಕ್ರಮ ಹೀಗೆ: ಮೊದಲು ಪ್ಲಾಸ್ಟಿಕ್ ಕೊಳವೆಯನ್ನು ನಾಳದ ಎರಡೂ ತುದಿಗೆ ಸಿಕ್ಕಿಸಿ ರಕ್ತ ಹರಿಸುವುದು, ಆಮೇಲೆ ಗಾಯ ತೊಳೆದು ಹೊರಗಿನ ಕಂಬಿಯಿಂದ ಮೂಳೆಯನ್ನು ಹಿಡಿಸುವುದು, ಕೊನೆಗೆ ಇನ್ನೊಂದು ಕಾಲಿನ ಅಭಿಧಮನಿಯ ತುಂಡು ಹಾಕಿ ಪಕ್ಕಾ ಜೋಡಣೆ. ಮೂಳೆ ಹಿಡಿಸದೆ ನಾಳ ಹೊಲಿದರೆ ಎಳೆದಾಟದಲ್ಲಿ ಹೊಲಿಗೆ ಕಿತ್ತುಹೋಗಬಹುದು.

ನಾಡಿ ಇದ್ದ ಮಾತ್ರಕ್ಕೆ ನೆಮ್ಮದಿ ಬೇಡ. ಕಣಕಾಲಿನಲ್ಲಿ ಮಾಂಸ ನಾಲ್ಕು ಬಿಗಿ ಚೀಲಗಳಲ್ಲಿದೆ. ಒಳಗೆ ಊತ ಬಂದಾಗ ಚೀಲ ಹಿಗ್ಗುವುದಿಲ್ಲ, ಸಣ್ಣ ನಾಳಗಳು ಹಿಸುಕಿ ಮಾಂಸ ಸಾಯುತ್ತದೆ, ದೊಡ್ಡ ನಾಳದ ನಾಡಿ ಮಾತ್ರ ಕೊನೆಯವರೆಗೂ ಬಡಿಯುತ್ತಿರುತ್ತದೆ. ಗುರುತು ಎರಡು: ಇಂಜೆಕ್ಷನ್‌ಗೂ ಬಗ್ಗದ ನೋವು, ಕಾಲ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಮಡಿಸಿದರೆ ಚೀರುವಷ್ಟು ನೋವು. ಪ್ರಜ್ಞೆ ಇಲ್ಲದವರಲ್ಲಿ ಒತ್ತಡ ಅಳೆಯಬೇಕು, ಕೆಳಗಿನ ಬಿ.ಪಿ.ಗೂ ಚೀಲದೊಳಗಿನ ಒತ್ತಡಕ್ಕೂ ವ್ಯತ್ಯಾಸ 30ಕ್ಕಿಂತ ಕಡಿಮೆಯಾದರೆ ಕಾಲಿನ ಎರಡೂ ಬದಿ 15–20 ಸೆಂ.ಮೀ. ಉದ್ದ ಸೀಳಿ ನಾಲ್ಕೂ ಚೀಲ ಬಿಚ್ಚಬೇಕು. ಗಾಯ ಬಾಯಿಬಿಟ್ಟಿದೆ, ಒತ್ತಡ ತಾನೇ ಇಳಿದಿರುತ್ತದೆ ಎನ್ನುವುದು ತಪ್ಪು ಲೆಕ್ಕ. ಒಂದು ಚೀಲ ಹರಿದಿದ್ದರೆ ಉಳಿದ ಮೂರು ಬಿಗಿಯಾಗಿಯೇ ಇರುತ್ತವೆ. ಮನೆಯವರು ಗಮನಿಸಬೇಕಾದ್ದು ಇನ್ನೊಂದು: ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕೂಡಲೇ ಹೇಳಿ. ಸತ್ತ ಮಾಂಸದ ಕಸ ಮೂತ್ರಪಿಂಡವನ್ನು ಕಟ್ಟುತ್ತಿದೆ ಎಂದರ್ಥ.

ಉಳಿಸಬೇಕೋ, ತೆಗೆಯಬೇಕೋ

ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು ರೂಪಿಸಿದ ಅಂಕ ನಮ್ಮ ಕಡೆಯ ಗಾಯಗಳಿಗೆ ಚೆನ್ನಾಗಿ ಹೊಂದುತ್ತದೆ. ಚರ್ಮಕ್ಕೆ 1ರಿಂದ 5, ಮೂಳೆಗೆ 1ರಿಂದ 5, ಸ್ನಾಯು-ನರಕ್ಕೆ 1ರಿಂದ 5. ಸಕ್ಕರೆ ಕಾಯಿಲೆ, ವಯಸ್ಸು, ಗೊಬ್ಬರದ ಮಣ್ಣು, ತಡವಾಗಿ ತಂದದ್ದು ಇಂಥ ತೊಡಕು ಒಂದೊಂದಕ್ಕೆ 2. ಮೊತ್ತ 14 ಅಥವಾ ಕಡಿಮೆ ಬಂದರೆ ಉಳಿಸಲು ಹೊರಡಿ, 17 ಅಥವಾ ಹೆಚ್ಚಾದರೆ ತೆಗೆಯುವ ಮಾತು ಬರುತ್ತದೆ. 15, 16 ಬಂದರೆ ಅಂಕ ಕೈ ಚೆಲ್ಲುತ್ತದೆ, ಅನುಭವಿ ತಂಡದ ವಿವೇಚನೆಯೇ ಗತಿ. ಇದು 3-ಬಿ ಗಾಯಕ್ಕೆ ಮಾಡಿದ ಅಳತೆ, ರಕ್ತನಾಳ ಹರಿದ 3-ಸಿಗೆ ಇದನ್ನು ಹಚ್ಚಬಾರದು.

ಅಂಗಾಲಿನಲ್ಲಿ ಸ್ಪರ್ಶ ಇಲ್ಲ ಎಂಬ ಒಂದೇ ಕಾರಣಕ್ಕೆ ಕಾಲು ತೆಗೆಯುವ ಪದ್ಧತಿ ಹಿಂದೆ ಇತ್ತು. ಈಗ ಅದಕ್ಕೆ ಆಧಾರವಿಲ್ಲ. ನರ ತುಂಡಾಗದೆ ಬರೀ ಜಜ್ಜಿದ್ದರೆ ಸ್ಪರ್ಶ ಎಷ್ಟೋ ಮಂದಿಯಲ್ಲಿ ಮರಳುತ್ತದೆ.

ಕಾಲು ತೆಗೆಸಿಕೊಂಡವರ ಬಾಳು ಮುಗಿಯಿತು ಎಂಬ ಮಾತನ್ನೂ ಒಪ್ಪಲಾಗದು. ಅಮೆರಿಕದ ಎಂಟು ಆಸ್ಪತ್ರೆಗಳಲ್ಲಿ 569 ಗಾಯಾಳುಗಳನ್ನು ಎರಡು ವರ್ಷ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲು ಉಳಿಸಿಕೊಂಡವರಲ್ಲೂ ಕಳೆದುಕೊಂಡವರಲ್ಲೂ ಕೆಲಸಕ್ಕೆ ಮರಳಿದವರು ಸುಮಾರು ಅರ್ಧದಷ್ಟೇ. ಉಳಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆಗೆ ಬರಬೇಕಾಯಿತು, ಅಷ್ಟೇ ವ್ಯತ್ಯಾಸ. ಒಳ್ಳೆಯ ಕೃತಕ ಕಾಲು ಸಿಗುವ ದೇಶದ ಲೆಕ್ಕ ಅದು ಎಂಬುದನ್ನೂ ಮರೆಯಬಾರದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯುವ ಬದುಕಿಗೆ ಸ್ವಂತ ಕಾಲಿನ ತೂಕ ಹೆಚ್ಚು. ತೆಗೆಯಲೇಬೇಕಾದರೆ ಮೊಣಕಾಲನ್ನು ಉಳಿಸಿಕೊಳ್ಳಲು ಕೊನೆಯವರೆಗೂ ಹೋರಾಡಿ, ಅದು ಇದ್ದರೆ ಕೃತಕ ಕಾಲಿನಲ್ಲಿ ನಡೆಯುವ ಆಯಾಸ ಎಷ್ಟೋ ಕಡಿಮೆ.

ಮೊದಲ ಓಟಿ: ತೊಳೆಯುವುದು, ಕತ್ತರಿಸುವುದು, ಹಿಡಿಸುವುದು

ಇಡೀ ಚಿಕಿತ್ಸೆಯಲ್ಲಿ ಹೆಚ್ಚು ಬೆಲೆಯುಳ್ಳ ಒಂದೂವರೆ ಗಂಟೆ ಇದು. ಇದನ್ನು ಹಿರಿಯ ಸರ್ಜನ್ ಮಾಡಬೇಕು. ಗದ್ದೆ, ಚರಂಡಿಯ ಕೊಳೆ ಇದ್ದರೆ ಕೂಡಲೇ. ಇಲ್ಲದ ದೊಡ್ಡ ಗಾಯವನ್ನು 12 ಗಂಟೆಯೊಳಗೆ. ಅಪರಾತ್ರಿಯಲ್ಲಿ ಅನನುಭವಿಯ ಕೈಗಿಂತ ಬೆಳಗಿನ ಏಳು ಗಂಟೆಗೆ ಅನುಭವಿಯ ಕೈ ಮೇಲು.

ಗಾಯದ ಬಾಯನ್ನು ಮೇಲೂ ಕೆಳಗೂ ಹಿಗ್ಗಿಸಿ ಮುರಿದ ಮೂಳೆಯ ಎರಡೂ ತುದಿ ಹೊರತಂದು ನೋಡಬೇಕು. ಮಾಂಸಕ್ಕೆ ನಾಲ್ಕು ಪರೀಕ್ಷೆ: ಬಣ್ಣ ಕೆಂಪಿದೆಯೇ, ಚಿಮುಟದಲ್ಲಿ ಹಿಡಿದರೆ ಮುದ್ದೆಯಾಗದೆ ಬಿಗಿ ಇದೆಯೇ, ಚಿವುಟಿದರೆ ಸೆಟೆಯುತ್ತದೆಯೇ, ಕೊಯ್ದರೆ ರಕ್ತ ಒಸರುತ್ತದೆಯೇ. ಇಲ್ಲವಾದರೆ ತೆಗೆಯಬೇಕು. ಮಾಂಸದ ಹಿಡಿತವಿಲ್ಲದೆ ಎಳೆದರೆ ಸಲೀಸಾಗಿ ಬರುವ ಮೂಳೆಚೂರು, ಎಷ್ಟೇ ದೊಡ್ಡದಿದ್ದರೂ, ಸತ್ತದ್ದೇ. ಇಲ್ಲಿ ‘ಪಾಪ, ಇರಲಿ’ ಎಂದು ಬಿಟ್ಟ ಚೂರು ಆರು ತಿಂಗಳ ಕೀವಿಗೆ ಬೀಜ. ಉಳಿದ ಮೂಳೆಯ ತುದಿಯನ್ನು ಕೊರೆದಾಗ ಕುಂಕುಮ ಚಿಮುಕಿಸಿದ ಹಾಗೆ ಸಣ್ಣ ಸಣ್ಣ ರಕ್ತದ ಚುಕ್ಕೆ ಕಾಣಿಸಿಕೊಂಡರೆ ಅದು ಜೀವಂತ, ಅಲ್ಲಿಗೆ ನಿಲ್ಲಿಸಬೇಕು.

ಆಮೇಲೆ ತೊಳೆಯುವುದು. ಇಂಥ ಗಾಯಕ್ಕೆ ಒಂಬತ್ತು ಲೀಟರ್ ಸಲೈನ್, ಎತ್ತರಕ್ಕೆ ತೂಗುಹಾಕಿದ ಬಾಟಲಿಯಿಂದ ಹರಿಯುವ ಒತ್ತಡವೇ ಸಾಕು. 2,400ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಂಪಿನ ಜೋರಿನಿಂದ ಲಾಭ ಕಾಣಲಿಲ್ಲ. ಸೋಪು ಬೆರೆಸಿದವರಲ್ಲಿ ಮತ್ತೆ ಓಟಿಗೆ ಹೋಗಬೇಕಾದವರೇ ಹೆಚ್ಚು.

ಮೂಳೆ ಹಿಡಿಸಲು ಮೊದಲ ದಿನ ಹೊರಗಿನ ಫಿಕ್ಸೇಟರ್: ಕಣಕಾಲಿಗೆ 5 ಮಿ.ಮೀ. ದಪ್ಪದ ಪಿನ್, ಮುರಿತದ ಮೇಲೆ ಎರಡು ಕೆಳಗೆ ಎರಡು, ಒಂದು ಮುರಿತಕ್ಕೆ ಹತ್ತಿರ ಒಂದು ದೂರ. ಪಿನ್ ಎಲ್ಲಿ ಬರಬೇಕೆಂದು ಪ್ಲಾಸ್ಟಿಕ್ ಸರ್ಜನ್ನನ್ನು ಕೇಳಿಯೇ ಹಾಕಬೇಕು, ಇಲ್ಲವಾದರೆ ನಾಳೆ ಫ್ಲಾಪ್ (ತನ್ನ ರಕ್ತನಾಳದ ಸಮೇತ ಬೇರೆ ಕಡೆಯಿಂದ ತರುವ ಮಾಂಸ-ಚರ್ಮ) ಕೂರಿಸುವ ಜಾಗದಲ್ಲಿ ಕಂಬಿ ಅಡ್ಡ ನಿಲ್ಲುತ್ತದೆ. ಪಾದವನ್ನೂ 90 ಡಿಗ್ರಿಯಲ್ಲಿ ಸೇರಿಸಿ ಹಿಡಿಸದಿದ್ದರೆ ಹಿಮ್ಮಡಿ ಮೇಲೆದ್ದು ಕುದುರೆಗೊರಸಿನಂತೆ ನಿಲ್ಲುತ್ತದೆ. ಕೊನೆಗೆ ಮಿಷನ್‌ನಿಂದ ಗಾಯದ ಕಸರನ್ನು ಹೀರುವ ನಿರ್ವಾತದ ಡ್ರೆಸ್ಸಿಂಗ್, ಒತ್ತಡ ಮೈನಸ್ 125 ಮಿ.ಮೀ. ಪಾದರಸ. ಇದು ಒಂದೆರಡು ದಿನದ ಚಾವಣಿ, ಮನೆ ಅಲ್ಲ. ‘ಮಿಷನ್ ಹಾಕಿದ್ದೇವೆ’ ಎಂದು ಮೂರು ವಾರ ಎಳೆದರೆ ಮೂಳೆ ಒಣಗಿ ಕೀವು ಸೇರುತ್ತದೆ.

ಮುಚ್ಚುವುದು

ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಮಾರ್ಕೊ ಗೊಡಿನಾ 532 ಫ್ಲಾಪ್‌ಗಳ ಲೆಕ್ಕವನ್ನು 1986ರಲ್ಲಿ ಮುಂದಿಟ್ಟರು. ಗಾಯವಾದ 72 ಗಂಟೆಯೊಳಗೆ ಮುಚ್ಚಿದವುಗಳಲ್ಲಿ ಕೆಟ್ಟದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಮೂರು ದಿನದಿಂದ ಮೂರು ತಿಂಗಳವರೆಗೆ ತಡ ಮಾಡಿದವುಗಳಲ್ಲಿ ನೂರಕ್ಕೆ ಹನ್ನೆರಡು. ಅಂದಿನಿಂದ ಸೂಕ್ಷ್ಮದರ್ಶಕ, ಔಷಧ ಎಲ್ಲ ಸುಧಾರಿಸಿವೆ, ಬೇಗ ಮುಚ್ಚಿ ಎಂಬ ಪಾಠ ಹಾಗೇ ಉಳಿದಿದೆ. ಷರತ್ತು ಒಂದೇ: ಅಡಿಯಲ್ಲಿ ಸತ್ತದ್ದು ಏನೂ ಇರಬಾರದು.

ಬರೀ ಚರ್ಮದ ಗ್ರಾಫ್ಟ್ ಬರಿಮೂಳೆಯ ಮೇಲೆ ಹಿಡಿಯುವುದಿಲ್ಲ, ಅದಕ್ಕೆ ಅಡಿಯಿಂದ ರಕ್ತ ಬೇಕು. ಹಾಗಾಗಿ ತನ್ನ ರಕ್ತನಾಳವನ್ನು ಜೊತೆಗೇ ತರುವ ಮಾಂಸ ಬೇಕು. ಕಣಕಾಲಿನ ಮೇಲಿನ ಮೂರನೇ ಒಂದು ಭಾಗಕ್ಕೆ ಮೀನಖಂಡದ ಮೇಲ್ಪದರ ತಿರುಗಿಸಿದರೆ ಸಾಕು, ನಡುವಿನದಕ್ಕೆ ಅದರ ಅಡಿಯ ಸೋಲಿಯಸ್ ಸ್ನಾಯು. ಕೆಳಭಾಗದಲ್ಲಿ ತಿರುಗಿಸಲು ಮಾಂಸವೇ ಇಲ್ಲ, ತೊಡೆಯಿಂದಲೋ ಬೆನ್ನಿನಿಂದಲೋ ಪೂರ್ತಿ ಬಿಡಿಸಿ ತಂದು, ಎರಡು-ಮೂರು ಮಿ.ಮೀ. ನಾಳಗಳನ್ನು ಕೂದಲಿಗಿಂತ ತೆಳು ದಾರದಲ್ಲಿ ಹೊಲಿಯಬೇಕು. ಜೋಡಣೆ ಜಜ್ಜಿದ ಜಾಗದಿಂದ ದೂರ, ಆರೋಗ್ಯವಂತ ನಾಳಕ್ಕೇ ಆಗಬೇಕು.

ಮೊದಲ ಒಂದು ದಿನ ಗಂಟೆಗೊಮ್ಮೆ ಫ್ಲಾಪ್ ನೋಡಬೇಕು, ರಾತ್ರಿಯೂ. ಬಿಳಿಚಿ ತಣ್ಣಗಾದರೆ ಒಳಬರುವ ನಾಳ ಕಟ್ಟಿದೆ. ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿ, ಸೂಜಿ ಚುಚ್ಚಿದರೆ ಕಪ್ಪು ರಕ್ತ ಬಳಬಳ ಬಂದರೆ ಹೊರಹೋಗುವ ನಾಳ ಕಟ್ಟಿದೆ. ಹೆಚ್ಚಾಗಿ ಆಗುವುದು ಇದೇ. ಎರಡಕ್ಕೂ ಮದ್ದು ತಕ್ಷಣ ಓಟಿ. ‘ಬೆಳಿಗ್ಗೆ ಡಾಕ್ಟರ್ ಬರಲಿ’ ಎಂದರೆ ಫ್ಲಾಪ್ ಹೋದಂತೆ. ಮನೆಯವರು ಫ್ಲಾಪ್ ಮೇಲೆ ಬಿಗಿ ಬಟ್ಟೆ ಸುತ್ತಬಾರದು, ಕಾಲನ್ನು ಕೆಳಗೆ ಇಳಿಬಿಡಿಸಬಾರದು. ಇಳಿಬಿಡುವುದು ಸುಮಾರು ಒಂದು ವಾರದ ಮೇಲೆ, ಐದೈದು ನಿಮಿಷದಿಂದ ಶುರು. ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಎಲ್ಲ ಬಂದ್. ನಿಕೋಟಿನ್ ಆ ಎರಡು ಮಿ.ಮೀ. ನಾಳವನ್ನು ಹಿಂಡುತ್ತದೆ, ಮೂಳೆ ಕೂಡುವುದನ್ನೂ ತಡೆಯುತ್ತದೆ. ಇದರಲ್ಲಿ ‘ದಿನಕ್ಕೆ ಒಂದೇ’ ಎಂಬ ರಿಯಾಯಿತಿ ಇಲ್ಲ.

ಇಲ್ಲದ ಮೂಳೆಯನ್ನು ಬೆಳೆಸುವುದು

ಸತ್ತ ಮೂಳೆ ತೆಗೆದ ಮೇಲೆ ನಾಲ್ಕು, ಆರು, ಎಂಟು ಸೆಂ.ಮೀ. ಖಾಲಿ ಉಳಿಯಬಹುದು. ದಾರಿ ಮುಖ್ಯವಾಗಿ ಎರಡು. ಫ್ರಾನ್ಸಿನ ಮಾಸ್ಕಲೆಯ ವಿಧಾನದಲ್ಲಿ ಖಾಲಿ ಜಾಗಕ್ಕೆ ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ಗಟ್ಟಿ ತುಂಬುತ್ತಾರೆ. ಆರರಿಂದ ಎಂಟು ವಾರದಲ್ಲಿ ಅದರ ಸುತ್ತ ರಕ್ತಭರಿತ ಪೊರೆ ಬೆಳೆಯುತ್ತದೆ. ಪೊರೆ ಸೀಳಿ ಸಿಮೆಂಟ್ ತೆಗೆದು, ಸೊಂಟದ ಮೂಳೆಯ ತಿರುಳು ತುಂಬಿ ಪೊರೆಯನ್ನು ಮತ್ತೆ ಹೊಲಿಯುತ್ತಾರೆ.

ಇನ್ನೊಂದು ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರೀಲ್ ಇಲಿಜರೋವ್ 1950ರ ದಶಕದಿಂದ ಬೆಳೆಸಿದ ರಿಂಗ್: ಕಾಲಿನ ಸುತ್ತ ಬರುವ ಬಳೆಗಳನ್ನು ತಂತಿಗಳಿಂದ ಮೂಳೆಗೆ ಹಿಡಿಸಿ, ಒಂದಕ್ಕೊಂದು ರಾಡುಗಳಿಂದ ಜೋಡಿಸಿದ ಚೌಕಟ್ಟು. ಹೊರಜಗತ್ತಿಗೆ ಇದು ತಿಳಿದದ್ದು ತಡವಾಗಿ. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಮೂಳೆ ಕೂಡದ ತನ್ನ ಕಾಲನ್ನು 1980ರಲ್ಲಿ ಅಲ್ಲಿ ಸರಿಮಾಡಿಸಿಕೊಂಡು ಬಂದ ಮೇಲೆ. ಆರೋಗ್ಯವಾಗಿರುವ ಕಡೆ ಮೂಳೆಯನ್ನು ಹುಷಾರಾಗಿ ಕತ್ತರಿಸಿ, ಸುಮಾರು ಒಂದು ವಾರ ಸುಮ್ಮನಿದ್ದು, ಆ ತುಂಡನ್ನು ದಿನಕ್ಕೆ 1 ಮಿ.ಮೀ.ನಂತೆ ಖಾಲಿ ಜಾಗದತ್ತ ಸರಿಸಿದರೆ ಹಿಂದೆ ಹೊಸ ಮೂಳೆ ಹುಟ್ಟುತ್ತ ಬರುತ್ತದೆ.

ಸರಿಸುವವರು ಮನೆಯವರೇ, ಆದ್ದರಿಂದ ಇದನ್ನು ಸರಿಯಾಗಿ ಕಲಿಯಿರಿ. ರಾಡಿನ ತಿರುಪಿನ ಮರೆ 1 ಮಿ.ಮೀ. ಅಂತರದ್ದು, ನಟ್ ಒಂದು ಸುತ್ತು ತಿರುಗಿದರೆ 1 ಮಿ.ಮೀ., ಕಾಲು ಸುತ್ತಿಗೆ 0.25. ದಿನಕ್ಕೆ ನಾಲ್ಕು ಸಲ ಕಾಲುಕಾಲು ಸುತ್ತು, ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 10. ಬೇಕಾದ್ದು ಬೈಕ್ ಮೆಕ್ಯಾನಿಕ್ ಹತ್ತಿರ ಇರುವಂಥ 10 ನಂಬರ್ ಸ್ಪ್ಯಾನರ್, ಎರಡು. ಸರಿಯುವ ಕಡೆಯ ನಟ್ಟನ್ನು ಮೊದಲು ಕಾಲು ಸುತ್ತು ಸಡಿಲಿಸಿ, ಹಿಂದಿನದನ್ನು ಅಷ್ಟೇ ಬಿಗಿಯಿರಿ. ನಟ್ಟಿನ ಒಂದು ಮುಖಕ್ಕೆ ನೇಲ್ ಪಾಲಿಶ್ ಚುಕ್ಕೆ ಇಟ್ಟು, ದಿಕ್ಕಿಗೆ ಬಾಣ ಬರೆಸಿಕೊಂಡು, ಪ್ರತಿ ಸಲವೂ ಗೋಡೆ ಕ್ಯಾಲೆಂಡರಿನಲ್ಲಿ ಗೆರೆ ಎಳೆಯಿರಿ. ನಾಲ್ಕು ರಾಡಿನಲ್ಲಿ ಮೂರನ್ನು ಮಾತ್ರ ತಿರುಗಿಸಿದರೆ ರಿಂಗ್ ವಾಲುತ್ತದೆ. ನೋವೆಂದು ವಾರಗಟ್ಟಲೆ ನಿಲ್ಲಿಸಿದರೆ ಹೊಸ ಮೂಳೆ ಅವಧಿಗೆ ಮೊದಲೇ ಗಟ್ಟಿಯಾಗಿ ಮತ್ತೆ ಕತ್ತರಿಸಬೇಕಾಗುತ್ತದೆ. ಬೇಗ ಮುಗಿಯಲೆಂದು ಎರಡೆರಡು ಸುತ್ತು ತಿರುಗಿಸಿದರೆ ನಡುವೆ ಮೂಳೆ ಬದಲು ನಾರು ತುಂಬುತ್ತದೆ. ಆರು ಸೆಂ.ಮೀ. ಸರಿಯಲು 60 ದಿನ, ಆದರೆ ಗಟ್ಟಿಯಾಗುವುದೂ ಸೇರಿ ರಿಂಗ್ ಒಂಬತ್ತರಿಂದ ಹನ್ನೆರಡು ತಿಂಗಳು ಕಾಲಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳದಿರುವುದರಿಂದಲೇ ಎಷ್ಟೋ ಮಂದಿ ಐದನೇ ತಿಂಗಳಿಗೆ ‘ಬಿಚ್ಚಿಬಿಡಿ’ ಎಂದು ಹಟ ಹಿಡಿಯುತ್ತಾರೆ.

ತಂತಿ ಚರ್ಮದೊಳಗೆ ಹೋಗುವ ಜಾಗಗಳನ್ನು ಆಸ್ಪತ್ರೆಯವರು ಹೇಳಿದ ದ್ರಾವಣದಿಂದ, ಒಂದೊಂದಕ್ಕೂ ಬೇರೆ ಗಾಜ್ ಬಳಸಿ ಒರೆಸಿ. ಸ್ವಲ್ಪ ತಿಳಿನೀರು ಸಾಮಾನ್ಯ. ಕೆಂಪಾಗಿ, ಕೀವಾಗಿ, ನೋವು ಹೆಚ್ಚಿದರೆ ಅಂದೇ ತೋರಿಸಿ. ಪಾದ ಕೆಳಗೆ ಬೀಳದಂತೆ ಪಟ್ಟಿ ಕಟ್ಟಿ ದಿನವೂ ಮೇಲಕ್ಕೆಳೆಯಿರಿ, ಮೊಣಕಾಲು ಮಡಿಸಿ ಚಾಚಿಸಿ. ಡಾಕ್ಟರು ಒಪ್ಪಿದರೆ ವಾಕರ್ ಹಿಡಿದು ಭಾರ ಹಾಕಿ ನಡೆಯಲೇಬೇಕು, ಮಂಚದ ಮೇಲೆ ಮಲಗಿದವರ ಹೊಸ ಮೂಳೆ ತೆಳ್ಳಗೇ ಉಳಿಯುತ್ತದೆ.

ಊಟದಲ್ಲಿ ಪ್ರೋಟೀನ್ ತೂಕದ ಕೆ.ಜಿ.ಗೆ ಒಂದೂವರೆ ಗ್ರಾಂ ಹತ್ತಿರ, 60 ಕೆ.ಜಿ. ಇದ್ದವರಿಗೆ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಆರೇ ಗ್ರಾಂ, ಆದ್ದರಿಂದ ತಿಳಿಸಾರು ಅನ್ನದಲ್ಲಿ ಇದು ಆಗದು. ಗಟ್ಟಿ ಬೇಳೆ, ಹೆಸರುಕಾಳು, ಮೊಟ್ಟೆ, ಮೀನು, ಮೊಸರು ಬೇಕು. ರಾಗಿಮುದ್ದೆ ಕ್ಯಾಲ್ಸಿಯಂ ಕೊಡುತ್ತದೆ, ಆದರೆ ವಿಟಮಿನ್ ಡಿ ಕಡಿಮೆಯಿದ್ದರೆ ಅದೂ ಹಿಡಿಯದು, ರಕ್ತ ಪರೀಕ್ಷೆ ಮಾಡಿಸಿ. ಎಕ್ಸ್‌ರೇ, ಓಟಿ ಟಿಪ್ಪಣಿ, ಕಲ್ಚರ್ ರಿಪೋರ್ಟ್, ಎಂಎಲ್‌ಸಿ (ಆಸ್ಪತ್ರೆಯ ಮೆಡಿಕೊ-ಲೀಗಲ್ ದಾಖಲೆ) ಪ್ರತಿ ಒಂದೇ ಫೈಲಿನಲ್ಲಿರಲಿ. ಮುಂದಿನ ಸರ್ಜನ್ನಿಗೂ ಪರಿಹಾರದ ಅರ್ಜಿಗೂ ಅದೇ ಬೇಕು.

ಸರಿಸಿದ ಮೂಳೆತುಂಡು ಹೋಗಿ ಸೇರಿದ ತುದಿಯಲ್ಲಿ ಕೂಡಿಕೆ ತಡವಾಗುವುದು ಮಾಮೂಲು, ಅಲ್ಲಿಗೆ ಸೊಂಟದ ಮೂಳೆ ಹಾಕಬೇಕಾಗಿ ಬಂದರೆ ಗಾಬರಿ ಬೇಡ. ಎರಡು ದಿಕ್ಕಿನ ಎಕ್ಸ್‌ರೇಯಲ್ಲಿ ಕಾಣುವ ನಾಲ್ಕು ಗೋಡೆಗಳಲ್ಲಿ ಮೂರಾದರೂ ಗಟ್ಟಿಯಾದ ಮೇಲೆ ನಟ್‌ಗಳನ್ನು ಸಡಿಲಿಸಿ ಎರಡು-ಮೂರು ವಾರ ನಡೆಸುತ್ತಾರೆ. ನೋವಿಲ್ಲ, ಮೂಳೆ ಬಾಗಿಲ್ಲ ಎಂದರೆ ರಿಂಗ್ ಬಿಚ್ಚುತ್ತಾರೆ, ಬಿಚ್ಚಿದ ಮೇಲೂ ನಾಲ್ಕರಿಂದ ಆರು ವಾರ ಪಟ್ಟಿ ಅಥವಾ ಬ್ರೇಸ್ ಇರುತ್ತದೆ. ಕಾಲು ಒಂದೆರಡು ಸೆಂ.ಮೀ. ಗಿಡ್ಡ ಉಳಿದಿದ್ದರೆ ಅದಕ್ಕಾಗಿ ಮತ್ತೆ ಓಟಿ ಬೇಕಿಲ್ಲ: ಒಂದು ಸೆಂ.ಮೀ.ವರೆಗೆ ಚಪ್ಪಲಿಯ ಒಳಗೆ ಹಿಮ್ಮಡಿಯಡಿ ಮೆತ್ತೆ, ಅದಕ್ಕಿಂತ ಹೆಚ್ಚಾದರೆ ಅಟ್ಟೆಯ ಅಡಿಗೆ ಹಗುರ ರಬ್ಬರಿನ ಪದರ ಹಾಕಿಸಿದರೆ ಸಾಕು.